ಶಾಲೆಯ ವೇಳಾಪತ್ರಿಕೆಯಲ್ಲಿ ನೃತ್ಯಕ್ಕೊಂದು ತಾಸು

(ಶತಮಾನೋತ್ಸವದ ಅಂಗವಾಗಿ ಕರೆಯಲಾಗಿದ್ದ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದಿನ ನಮಗೆ ಒಪ್ಪಿಸಿರುವ ವಿಷಯ ಶಾಲಾ ಶಿಕ್ಷಣದಲ್ಲಿ ನೃತ್ಯದ ಸ್ಥಾನ. ಇದನ್ನು ಕೇಳಿದ ಹಿರಿಯರೊಬ್ಬರು, “ಜಪದ ಮಾತು ಬಿಟ್ಟು ಕುಣಿತದ ಮಾತು ಯಾಕ್ರೀ ಫಾದರ್?” ಎಂದು ನಕ್ಕರು. ನಗಲು ಅವರಿಗೆ ಹಕ್ಕುಂಟು. ಆದರೆ ಸಮುವೇಲನ ಎರಡನೆಯ ಗ್ರಂಥದ ಆರನೆಯ ಅಧ್ಯಾಯದಲ್ಲಿ ದಾವೀದ ಅರಸನು ದೇವರ ಮಂಜೂಷದ ಮುಂದೆ ಕುಣಿದದ್ದನ್ನೂ, ಅದನ್ನು ಕಿಟಕಿಯಿಂದ ಕಂಡು ಹೇಸಿದವಳು ಅವನ ಮಡದಿ ಮೀಕಲಳೆಂಬುದನ್ನೂ ಅವರು ಬಲ್ಲವರೇ. ಕುಣಿತವು ಗೌರವಕ್ಕೆ ಕುಂದೆಂಬ ಭಾವನೆ ಅಷ್ಟು ಹಳೆಯದು. ನಮ್ಮ ಈ ಮುಧೋಳ ಸೀಮೆಯಲ್ಲಿ ಆ ಭಾವನೆಗೆ ಬೇರೆಯೇ ಒಂದು ಬೇರು ಇದೆ. ಅದನ್ನು ಮುಟ್ಟದೆ ಈ ವಿಷಯವನ್ನು ಮಾತಾಡಿದರೆ ಅದು ಬರಿಯ ಉಪಚಾರವಾದೀತು.

ಮೊದಲು ನಮ್ಮ ಶಾಲೆಗಳಲ್ಲಿ ಈಗ ನಡೆಯುತ್ತಿರುವುದನ್ನು ನೋಡೋಣ. ಗ್ಯಾದರಿಂಗ್ ಹದಿನೈದು ದಿನ ಇದೆಯೆನ್ನುವಾಗ ಎಂಟು ಹತ್ತು ಚೆಲುವಾದ ಹುಡುಗಿಯರನ್ನು ಆರಿಸುವುದು, ಚಲನಚಿತ್ರದ ಒಂದು ಹಾಡನ್ನು ಹಚ್ಚುವುದು, ಬಾಡಿಗೆಯ ಉಡುಪು ತರುವುದು. ಉಳಿದ ನಾನೂರು ಮಕ್ಕಳು ನೆಲದ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಉಡುಪು ಅಂಗಡಿಗೆ ಮರಳುತ್ತದೆ, ನೃತ್ಯವೂ ಅದರೊಂದಿಗೆ ಹೋಗುತ್ತದೆ. ಇದನ್ನು ಶಿಕ್ಷಣವೆಂದು ಕರೆಯಲು ನಮಗೆ ಮನಸ್ಸು ಬಾರದು. ಗಣಿತವನ್ನು ವರ್ಷಕ್ಕೊಮ್ಮೆ ಎಂಟು ಜನ ಚೆಲುವೆಯರಿಗೆ ಮಾತ್ರ ಕಲಿಸಿದರೆ ಪಾಲಕರು ಸುಮ್ಮನಿದ್ದಾರೆಯೇ?

ನಮ್ಮ ನೆಲವು ಹೆಜ್ಜೆಗೆ ಬಡವಾದುದೇನೂ ಅಲ್ಲ. ಮೊಹರಮ್ ಬಂದಿತೆಂದರೆ ಕಾಲಿಗೆ ಗೆಜ್ಜೆ ಕಟ್ಟಿದ ಹೆಜ್ಜೆ ಮೇಳದವರು ಪದ ಹೇಳುತ್ತ ಕುಣಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಹಿಂದೂಗಳೂ ಮುಸಲ್ಮಾನರೂ ಒಂದೇ ಸಾಲಿನಲ್ಲಿ ಕಾಲು ಕೂಡಿಸುತ್ತಾರೆ. ಕರಡಿ ಮಜಲಿನ ಗತ್ತು ಕೇಳಿ ಕಾಲು ಅಲುಗದ ಮನುಷ್ಯನನ್ನು ನಾವು ಇನ್ನೂ ಕಂಡಿಲ್ಲ. ಕುಲಗೋಡ ತಮ್ಮಣ್ಣನವರಿಂದ ಈ ಭಾಗದಲ್ಲೆಲ್ಲ ಹಬ್ಬಿದ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನವರೆಗೆ ನೋಡಿದವರು ಇಲ್ಲಿಯೇ ಕುಳಿತಿದ್ದೀರಿ. ಆ ಆಟದಲ್ಲಿ ಕೌಜಲಗಿ ನಿಂಗಮ್ಮನವರಂತಹ ಹೆಣ್ಣುಮಗಳು ಗಳಿಸಿದ ಕೀರ್ತಿ ಗಂಡಸರಿಗೂ ಸುಲಭವಾದುದಲ್ಲ. ಬನಹಟ್ಟಿಯ ನೇಕಾರರ ಮಕ್ಕಳಿಗಂತೂ ಲಯವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಗ್ಗದ ಸಪ್ಪಳದಲ್ಲಿಯೇ ಅವರು ತೊಟ್ಟಿಲಾಡಿದವರು. ಇಷ್ಟೆಲ್ಲ ಶಾಲೆಯ ಗೋಡೆಯ ಹೊರಗೆ ಇದೆ. ಒಳಗೆ ಏಕೆ ಬಂದಿಲ್ಲ?

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತನ್ನ ಮಗಳನ್ನು ನೃತ್ಯದ ಗುಂಪಿನಿಂದ ಬಿಡಿಸಲು ನಮ್ಮ ಬಳಿಗೆ ಬಂದಿದ್ದಳು. ಹುಡುಗಿಗೆ ಬಹಳ ಆಸೆ. ಕಲಿಸುವ ಟೀಚರೂ ಅವಳನ್ನೇ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ತಾಯಿ ಹೇಳಿದ್ದು ಇಷ್ಟೇ: “ನಮ್ಮವ್ವ ಕುಣದದ್ದ ಸಾಕ್ರೀ ಫಾದರ್. ನನ್ನ ಮಗಳ್ನ ಓದಸ್ರಿ.” ಆ ಅಜ್ಜಿಯನ್ನು ಎಳೆಯ ವಯಸ್ಸಿನಲ್ಲಿಯೇ ದೇವರಿಗೆ ಬಿಟ್ಟಿದ್ದರು. ಚೌಡಿಕೆಯ ಹಾಡಿಗೆ ಅವಳು ಜಾತ್ರೆಗಳಲ್ಲಿ ಕುಣಿದಳು. ಊರು ಅವಳನ್ನು ಹೇಗೆ ನಡೆಸಿಕೊಂಡಿತೆಂದು ಈ ಸಭೆಯಲ್ಲಿ ವಿವರಿಸುವುದು ಬೇಡ. ಮುಧೋಳ, ಜಮಖಂಡಿ ಸೀಮೆಯ ಎಷ್ಟೋ ಮನೆಗಳ ಕಥೆ ಇದು. 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ದೇವದಾಸಿಯರ ರಕ್ಷಣೆಗೆ ಕಾಯಿದೆಯಾಯಿತು. ನಮ್ಮ ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ, 1948ರವರೆಗೂ ಮುಂಬಯಿಗೆ ಸೇರಿರಲಿಲ್ಲ. ಮುಂದೆ 1982ರಲ್ಲಿ ಕರ್ನಾಟಕದ ವಿಧಾನಮಂಡಲವೇ ದೇವದಾಸಿ ಸಮರ್ಪಣ ನಿಷೇಧದ ಶಾಸನ ಮಾಡಬೇಕಾಯಿತು. ಆ ತಾಯಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ಚರಿತ್ರೆಯನ್ನು ಅರಿಯದವರು.

ಆದರೂ ಅವಳ ಮಾತಿನಲ್ಲಿ ಬಿಡಿಸಬೇಕಾದ ಒಂದು ಗಂಟಿದೆ. ಅವಳಿಗೆ ಓದು ಒಂದು, ಕುಣಿತ ಇನ್ನೊಂದು. ಅಜ್ಜಿಗೆ ಅನ್ಯಾಯ ಮಾಡಿದ್ದು ಹೆಜ್ಜೆಯಲ್ಲ, ಅವಳನ್ನು ಕುಣಿಸಿ ಮಾರಿದ ವ್ಯವಸ್ಥೆ. ಅವಮಾನ ಮಾತ್ರ ಹೆಜ್ಜೆಯ ಮೇಲೆ ಉಳಿಯಿತು. ಚೆನ್ನಪಟ್ಟಣದಲ್ಲಿಯೂ ಹೀಗೆಯೇ ಆಯಿತು. 1890ರ ದಶಕದಲ್ಲಿ ಸಮಾಜ ಸುಧಾರಕರೂ ಮಿಶನರಿಗಳೂ ಕೂಡಿ ನಾಚ್ ವಿರೋಧಿ ಚಳವಳಿ ನಡೆಸಿದರು. ಮದರಾಸು ಪ್ರಾಂತದ ನಿಷೇಧ ಕಾಯಿದೆ 1947ರಲ್ಲಿ ಬಂದಿತು. ಅಷ್ಟರೊಳಗೆ ಸದಿರ್ ಎಂಬ ಆ ನೃತ್ಯವೇ ಭರತನಾಟ್ಯವೆಂಬ ಹೆಸರಿನಿಂದ ಮರ್ಯಾದಸ್ಥರ ಮನೆ ಹೊಕ್ಕಿತ್ತು. 1936ರಲ್ಲಿ ರುಕ್ಮಿಣೀದೇವಿಯವರು ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಕಲೆ ಉಳಿಯಿತು, ಸಂತೋಷವೇ. ಆದರೆ ತಲೆತಲಾಂತರದಿಂದ ಅದನ್ನು ಕಾಯ್ದು ಬಂದ ಹೆಣ್ಣುಮಕ್ಕಳಲ್ಲಿ ಬಹು ಜನ ಹೊರಗೇ ಉಳಿದರು.

ಇಂದಿಗೂ ನಮ್ಮಲ್ಲಿ ಅದೇ ನಡೆದಿದೆ. ಶುಲ್ಕ ಕೊಡಬಲ್ಲವರ ಮಗಳು ಸಂಜೆ ಪಟ್ಟಣದ ನೃತ್ಯಶಾಲೆಗೆ ಹೋಗುತ್ತಾಳೆ, ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗೆ ಕೂಡುತ್ತಾಳೆ, ಊರು ಹೊಗಳುತ್ತದೆ. ಆ ಅಜ್ಜಿಯ ಮೊಮ್ಮಗಳು ಅದೇ ಹೆಜ್ಜೆ ಹಾಕಿದರೆ ಊರು ಬೇರೆ ಮಾತಾಡುತ್ತದೆ. ನೃತ್ಯವು ಇಷ್ಟವಿದ್ದವರಿಗೆ ಮಾತ್ರ, ಹಣವಿದ್ದವರಿಗೆ ಮಾತ್ರ ಎಂದು ಇರುವವರೆಗೆ ಈ ಭೇದ ಅಳಿಯದು. ಗೌಡರ ಮಗನೂ ಕಬ್ಬು ಕಡಿಯುವವರ ಮಗಳೂ ವೇಳಾಪತ್ರಿಕೆಯಲ್ಲಿ ಇರುವುದೆಂಬ ಕಾರಣಕ್ಕೆ ಒಂದೇ ಸಾಲಿನಲ್ಲಿ ನಿಂತು ಕಲಿತರೆ, ಯಾರನ್ನು ಕುರಿತು ಯಾರು ಏನೆಂದಾರು? ನೃತ್ಯವು ಎಲ್ಲ ಮಕ್ಕಳಿಗೂ, ಅದರಲ್ಲಿಯೂ ಗಂಡುಮಕ್ಕಳಿಗೆ, ಕಡ್ಡಾಯ ಪಾಠವಾಗಬೇಕೆಂದು ನಾವು ವಾದಿಸುವುದು ಇದಕ್ಕಾಗಿಯೇ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಹುಟ್ಟಿದ ಕಸುಬಿಗೆ ಕಟ್ಟುಬೀಳದೆ ವಿದ್ಯೆಯನ್ನು ಅರಸಿ ಹೋಗಿ ಕವಿಚಕ್ರವರ್ತಿಯಾದನು. ಅವನ ಹೆಸರಿನ ಬೆಳಗಲಿಯಲ್ಲಿ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇದು ನಮ್ಮ ಸ್ವಂತ ಕಲ್ಪನೆಯೂ ಅಲ್ಲ. 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯವನ್ನು ಕಂಡ ರವೀಂದ್ರನಾಥ ಠಾಕೂರರು ಅದನ್ನು ಕಲಿಸಲು ಶಾಂತಿನಿಕೇತನಕ್ಕೆ ಶಿಕ್ಷಕರನ್ನು ಕರೆಸಿಕೊಂಡರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದ ಮಕ್ಕಳಿಗೆ ಕುಣಿತವನ್ನೂ ನಾಟಕವನ್ನೂ ಕಲಿಸಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ಹೇಳಿ, ಸಂಗೀತ, ನಾಟಕ, ಚಿತ್ರಗಳೊಡನೆ ನೃತ್ಯವನ್ನೂ ಎಣಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರಿರಬೇಕೆಂದಿದೆ. ಕಾಗದದಲ್ಲಿ ಜಾಗವಿದೆ, ಮಣೆ ಹಾಕುವವರು ಬೇಕು.

ಧರ್ಮಸಭೆಯ ಮಾತು? ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾವಿಧಿಯ ಸಂವಿಧಾನದಲ್ಲಿ ಆಯಾ ಜನಾಂಗದ ಸಂಸ್ಕೃತಿಗೆ ಬಾಗಿಲು ತೆರೆಯಿತು. ದೈವಿಕ ವಾಕ್ಯ ಸಭೆಯ ಗುರುಗಳಾಗಿದ್ದ ಫ್ರಾನ್ಸಿಸ್ ಬರ್ಬೋಜಾ ಅವರು ಬರೋಡಾದಲ್ಲಿ ಭರತನಾಟ್ಯವನ್ನು ಅಭ್ಯಸಿಸಿ, ಕ್ರೈಸ್ತ ವಿಷಯಗಳಿಗೆ ಹೊಸ ಹಸ್ತಮುದ್ರೆಗಳನ್ನೇ ರೂಪಿಸಿದರು. ತಿರುಚಿರಾಪಳ್ಳಿಯ ಕಲೈ ಕಾವೇರಿ ಗುರುಗಳೊಬ್ಬರು ಕಟ್ಟಿದ ಕಲಾಸಂಸ್ಥೆ. ಆದರೆ ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅಲ್ಲಿ ನೃತ್ಯವನ್ನು ಬೋಧೆಗೆ ಬಳಸಬಾರದು, ವಿದ್ಯೆಯೆಂದೇ ಕಲಿಸಬೇಕು.

“ಹತ್ತನೆಯ ತರಗತಿಯ ಪರೀಕ್ಷೆ ಗತಿ ಏನು?” ಎಂದು ಪಾಲಕರು ಕೇಳುವಿರಿ. ವಾರಕ್ಕೆ ಎರಡು ತಾಸು ಸಾಕು. ಆ ತಾಸಿನಲ್ಲಿ ಆಗುವುದನ್ನು ಒಮ್ಮೆ ನೋಡಿ. ಆದಿತಾಳಕ್ಕೆ ಎಂಟು ಎಣಿಕೆ. ಮೂರು, ಮೂರು, ಎರಡು ಎಂದು ಕಾಲು ತಟ್ಟಿದರೆ ಎಂಟು ತುಂಬಿತು. ಐದು, ಐದು, ಆರು ಎಂದರೆ ಹದಿನಾರು, ಅಂದರೆ ಎರಡು ಆವರ್ತನ. ಐದನೆಯ ತರಗತಿಯ ಮಗು ಇದನ್ನು ಬಾಯಲ್ಲಿ ಹೇಳುತ್ತ ಕಾಲಲ್ಲಿ ತುಂಬುವಾಗ ಅದರ ಕೂಡಿಸುವ ಲೆಕ್ಕ ಮೈಯಲ್ಲಿ ಇಳಿಯುತ್ತದೆ. ತಪ್ಪಿದರೆ ಪಕ್ಕದವನ ಕಾಲಿಗೆ ತಾಗುತ್ತದೆ, ಕೆಂಪು ಶಾಯಿ ಬೇಕಿಲ್ಲ. ಅರೆಮಂಡಿಯಲ್ಲಿ ಹತ್ತು ನಿಮಿಷ ನಿಂತು ತಟ್ಟಡವು ಮಾಡಿದ ಮೇಲೆ ಡ್ರಿಲ್ ಮಾಸ್ತರರಿಗೆ ಬೇರೆ ಕೆಲಸ ಉಳಿಯದು. (ನಮ್ಮ ಡ್ರಿಲ್ ಮಾಸ್ತರರು ಕ್ಷಮಿಸಬೇಕು.)

ನಮ್ಮ ಸೂಚನೆ ಹೀಗಿದೆ. ಮೊದಲ ವರ್ಷ ಭರತನಾಟ್ಯ ಬೇಡ. ಕೋಲಾಟ ಮತ್ತು ಹೆಜ್ಜೆ ಮೇಳದಿಂದ ತೊಡಗಬೇಕು. ಅವಕ್ಕೆ ಉಡುಪಿನ ಖರ್ಚಿಲ್ಲ, ಕಲಿಸುವವರು ಊರಲ್ಲಿಯೇ ಇದ್ದಾರೆ. ಅವರಿಗೆ ಶಾಲು ಹೊದಿಸಿ ಕಳುಹಿಸುವುದಲ್ಲ, ತಿಂಗಳಿಗೆ ಸಂಬಳ ಕೊಡಬೇಕು, ಹಾಜರಿ ಪುಸ್ತಕದಲ್ಲಿ ಅವರ ಹೆಸರು ಬರೆಯಬೇಕು. ತರಗತಿಯ ಒಂದು ಮಗುವನ್ನೂ ಬಿಡಬಾರದು; ಕಾಲು ಕುಂಟಾದ ಮಗುವಿಗೆ ತಾಳ ಹಿಡಿಯುವ ಕೆಲಸವುಂಟು. ಸಂಬಳದ ಹಣವನ್ನು ಗ್ಯಾದರಿಂಗಿನ ಉಡುಪಿನ ಬಾಡಿಗೆಯಿಂದಲೇ ಉಳಿಸಬಹುದೆಂದು ನಮ್ಮ ಎಣಿಕೆ. ಲೆಕ್ಕವನ್ನು ಮುಖ್ಯೋಪಾಧ್ಯಾಯಿನಿಯವರು ಮುಂದಿನ ಸಭೆಯಲ್ಲಿ ಇಡಲಿದ್ದಾರೆ. ಹೆಜ್ಜೆ ಮೇಳದ ಹಿರಿಯರಿಬ್ಬರನ್ನು ಕೇಳಿದ್ದೇವೆ. ಮೊಹರಮ್ ಮುಗಿದ ಮೇಲೆ ಬರುತ್ತೇವೆಂದು ಒಪ್ಪಿಕೊಂಡಿದ್ದಾರೆ. ಗಂಡುಹುಡುಗರನ್ನು ಮೊದಲು ಕಳಿಸಿರೆಂದು ಅವರೇ ಕೇಳಿದ್ದಾರೆ.