ನಮ್ಮೂರಿನ ತರಕಾರಿ ನಮ್ಮೂರಿನ ತಾಯಂದಿರಿಗೆ



ಕುಟುಂಬ ಕಲ್ಯಾಣವೆಂದೊಡನೆ ನಮ್ಮಲ್ಲಿ ಅನೇಕರಿಗೆ ಆಸ್ಪತ್ರೆ, ದಾದಿ, ಮಾತ್ರೆಗಳು ನೆನಪಾಗುತ್ತವೆ. ಅವೆಲ್ಲವೂ ಅವಶ್ಯಕವೇ. ಆದರೆ ಕುಟುಂಬದ ಆರೋಗ್ಯವು ಮೊದಲು ಮನೆಯ ಒಲೆಯ ಬಳಿಯಲ್ಲಿಯೇ ಆರಂಭವಾಗುತ್ತದೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಊಟವನ್ನು ಬಲ್ಲವರಾಗಿದ್ದರೂ ತಟ್ಟೆಗೆ ಸೊಪ್ಪು ತರಕಾರಿ ದೊರೆಯದಿರುವ ಮನೆಗಳ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಇಂತಹ ಮನೆಗಳು ದೂರದಲ್ಲೆಲ್ಲೋ ಇವೆಯೆಂದು ತಿಳಿಯಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ತರಕಾರಿ ಹೇರಳವಾಗಿ ಬೆಳೆಯುತ್ತದೆ. ಬೆಳಗಾಗುವ ಮೊದಲೇ ಟೆಂಪೋಗಳು ಅದನ್ನು ಹೇರಿಕೊಂಡು ಪಟ್ಟಣದ ಮಾರುಕಟ್ಟೆಗೆ ಹೊರಡುತ್ತವೆ. ಅದೇ ಹೊಲದಲ್ಲಿ ಹಗಲೆಲ್ಲ ಹುರುಳಿಕಾಯಿ ಬಿಡಿಸಿದ ಕೂಲಿಯ ತಾಯಿಯು ಸಂಜೆ ಬರಿಗೈಯಲ್ಲಿ ಮನೆಗೆ ಮರಳುತ್ತಾಳೆ. ವಾರಕ್ಕೊಮ್ಮೆ ಸಂತೆಯಿಂದ ತಂದ ಸೊಪ್ಪು ಎರಡು ದಿನ ಬಾಳುತ್ತದೆ. ಉಳಿದ ದಿನಗಳಲ್ಲಿ ಮುದ್ದೆಗೆ ಹುಣಿಸೆಹುಳಿ ಮೆಣಸಿನಕಾಯಿಯ ಸಾರೇ ಗತಿ. ಊರಿನ ಅಂಗಡಿಗೆ ಬರುವ ತರಕಾರಿಯಾದರೋ ಪಟ್ಟಣಕ್ಕೆ ಹೋಗಿ ಹಿಂದಿರುಗಿದ್ದು. ಬಾಡಿದ್ದು, ಬೆಲೆಯೂ ಹೆಚ್ಚು.

ಇದರ ಪರಿಣಾಮವೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ನೂರಕ್ಕೆ ಸುಮಾರು 65. ರಕ್ತಹೀನತೆಗೆ ಕಾರಣಗಳು ಹಲವು. ಕಬ್ಬಿಣಾಂಶ ಮತ್ತು ಜೀವಸತ್ವಗಳ ಕೊರತೆಯು ಅವುಗಳಲ್ಲಿ ಮುಖ್ಯವಾದುದು. ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯ ವೇಳೆ ರಕ್ತಸ್ರಾವವಾದರೆ ಅದನ್ನು ತಾಳಿಕೊಳ್ಳುವ ಶಕ್ತಿ ಆಕೆಗಿರುವುದಿಲ್ಲ. ಅವಳ ಮಗು ತೂಕ ಕಡಿಮೆಯಾಗಿ ಹುಟ್ಟುವ ಸಂಭವವೂ ಹೆಚ್ಚು. ಹೊಲದ ಬದುವಿನಲ್ಲಿ ಬೆಳೆಯುವ ಸೊಪ್ಪಿಗೂ ಒಂದು ಜೀವಕ್ಕೂ ಹೀಗೆ ಸಂಬಂಧವುಂಟು.

ಎಷ್ಟು ತರಕಾರಿ ಬೇಕು? ಹಣ್ಣು ತರಕಾರಿಗಳೆರಡೂ ಸೇರಿ, ಹತ್ತು ವರ್ಷ ಮೀರಿದವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ, ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ 350 ಗ್ರಾಂ, ಎರಡರಿಂದ ಐದು ವರ್ಷದವರಿಗೆ 250 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಗಂಡ ಹೆಂಡತಿ, ನಾಲ್ಕು ಮತ್ತು ಏಳು ವರ್ಷದ ಇಬ್ಬರು ಮಕ್ಕಳಿರುವ ಮನೆಗೆ ಇದು ದಿನಕ್ಕೆ 1,400 ಗ್ರಾಂ ಆಯಿತು. ಇಂತಹ ಇಪ್ಪತ್ತು ಮನೆಗಳಿಗೆ 28 ಕಿಲೋ. ಟೊಮೇಟೊ ತುಂಬುವ 15 ಕಿಲೋ ತೂಕದ ಕ್ರೇಟ್‌ಗಳನ್ನು ನೀವು ಕಂಡಿದ್ದೀರಿ. ಊರಿನಿಂದ ಹೊರಹೋಗುವ ಫಸಲಿನಲ್ಲಿ ದಿನಕ್ಕೆ ಅಂತಹ ಎರಡು ಕ್ರೇಟ್‌ಗಳಷ್ಟು ಉಳಿದರೆ ಇಪ್ಪತ್ತು ಮನೆಗಳ ತಟ್ಟೆ ತುಂಬುತ್ತದೆ.

ಇದರಿಂದ ಬೆಳೆಗಾರನಿಗೆ ನಷ್ಟವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗ್ರಾಹಕನು ಟೊಮೇಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ದೊರೆಯುವುದು ಸುಮಾರು 33 ಪೈಸೆ ಮಾತ್ರವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನವು ಹೇಳಿತು. ಉಳಿದುದು ಸಾಗಣೆ, ಹಾಳಾಗುವಿಕೆ, ನಡುವಿನವರ ಲಾಭ ಇತ್ಯಾದಿಗಳಲ್ಲಿ ಕರಗುತ್ತದೆ. ಊರಿನಲ್ಲಿಯೇ ಮಾರಿದಾಗ ಬಾಡಿಗೆಯೂ ಇಲ್ಲ, ದಲ್ಲಾಳಿಯೂ ಇಲ್ಲ. ಮಾರುಕಟ್ಟೆಯಲ್ಲಿ ಕೈಗೆ ಬರುವುದಕ್ಕಿಂತ ತುಸು ಹೆಚ್ಚಾಗಿ, ಅಂಗಡಿಯ ಬೆಲೆಗಿಂತ ತುಸು ಕಡಿಮೆಯಾಗಿ ಬೆಲೆ ಇಟ್ಟರೆ ಮಾರುವವನಿಗೂ ಲಾಭ, ಕೊಳ್ಳುವವಳಿಗೂ ಲಾಭ. ಇದು ದಾನವಲ್ಲವಾದ್ದರಿಂದ ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಈ ವಿಚಾರವು ಹೊಸದೇನೂ ಅಲ್ಲ. 1959ರಲ್ಲಿ ತೋಟಗಾರಿಕೆಯ ಹಿರಿಯ ತಜ್ಞ ಎಂ.ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಹುಟ್ಟಿತು. ಅದೇ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾಗಿ, ರೈತರ ಹಣ್ಣು ತರಕಾರಿಯನ್ನು ನಗರದ ಮನೆಗಳಿಗೆ ಮುಟ್ಟಿಸಿತು. ನೆರೆಯ ಆಂಧ್ರದಲ್ಲಿ 1999ರಲ್ಲಿ ರೈತು ಬಜಾರುಗಳು ಆರಂಭವಾಗಿ, ಬೆಳೆದವನೇ ನೇರವಾಗಿ ಮಾರುವ ಏರ್ಪಾಡಾಯಿತು. ಇವೆಲ್ಲವೂ ಹೆಚ್ಚಾಗಿ ಪಟ್ಟಣಿಗರ ಅನುಕೂಲಕ್ಕೆ ಒದಗಿದವು. ಹಳ್ಳಿಯ ಬೆಳೆಯನ್ನು ಹಳ್ಳಿಯ ಬಡವರಿಗೆ ಮುಟ್ಟಿಸುವ ಕೆಲಸವು ನಿಮ್ಮ ಕೈಯಲ್ಲಿಯೇ ಇದೆ.

ಇದನ್ನು ಮಾಡುವ ಬಗೆ ಹೇಗೆ? ಜಮೀನುಳ್ಳವರು ಮುಖ್ಯ ಬೆಳೆಯ ಅಂಚಿನಲ್ಲಿ ನಾಲ್ಕಾರು ಸಾಲು ದಂಟು, ಮೆಂತ್ಯ, ಹರಿವೆ, ಪಾಲಕ್ ಹಾಕಿರಿ. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ಹದಿನೈದು ದಿನಗಳ ಅಂತರದಲ್ಲಿ ಬಿತ್ತಿದರೆ ಸೊಪ್ಪು ಸತತವಾಗಿ ದೊರೆಯುತ್ತದೆ. ಬದುವಿನಲ್ಲೊಂದು ನುಗ್ಗೆಯ ಮರವಿರಲಿ. ಸ್ತ್ರೀಶಕ್ತಿ ಸಂಘದ ಸೋದರಿಯರು ಯಾವ ಮನೆಗೆ ಎಷ್ಟು ಬೇಕೆಂದು ಮೊದಲೇ ಪಟ್ಟಿ ಮಾಡಿ, ವಾರದಲ್ಲಿ ಎರಡು ಮೂರು ದಿನ, ಕೂಲಿಯವರು ಮನೆಗೆ ಮರಳುವ ಹೊತ್ತಿನಲ್ಲಿ ಮಾರಾಟವಿಟ್ಟುಕೊಳ್ಳಲಿ. ಕೂಲಿಯ ಬಟವಾಡೆಯ ದಿನ ಹಣ ಕೊಡುವ ಅವಕಾಶವಿದ್ದರೆ ಬಡವರಿಗೆ ಅನುಕೂಲ. ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಅಂಗನವಾಡಿಯನ್ನು ಮರೆಯಬೇಡಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಲ್ಲಿ ಊಟವನ್ನು ಒದಗಿಸಲಾಯಿತು. ಅಂಗನವಾಡಿಯ ಅಡುಗೆಗೆ ಊರಿನ ತಾಜಾ ತರಕಾರಿ ಸಿಕ್ಕರೆ ಎಷ್ಟು ಚೆನ್ನ!

ಬೆಳೆಗಾರರು ಒಂದು ಎಚ್ಚರಿಕೆಯನ್ನು ಪಾಲಿಸಲೇಬೇಕು. ಕ್ರಿಮಿನಾಶಕ ಸಿಂಪಡಿಸಿದ ಮೇಲೆ ಡಬ್ಬಿಯ ಮೇಲೆ ಸೂಚಿಸಿರುವಷ್ಟು ದಿನ ಕಳೆಯುವ ತನಕ ಸೊಪ್ಪು ಕಾಯಿಗಳನ್ನು ಕೊಯ್ಯಕೂಡದು. ಅದನ್ನು ಉಣ್ಣುವುದು ಗರ್ಭಿಣಿ ಎಂಬುದು ನೆನಪಿರಲಿ.

ಜಮೀನಿಲ್ಲದವರೂ ನಿರಾಶರಾಗಬೇಕಾಗಿಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂದು ನಾವು ಹೀಗಳೆಯುವ ಗಿಡಗಳೇ ಎಷ್ಟೋ ವೇಳೆ ಮದ್ದು. ಬಚ್ಚಲ ನೀರು ಹರಿಯುವೆಡೆ ಒಂದು ಪಪ್ಪಾಯಿ, ಚಪ್ಪರಕ್ಕೊಂದು ಬಸಳೆ ಸಾಕು.

ತಂದ ತರಕಾರಿಯ ಸತ್ವವನ್ನು ಕಾಪಾಡುವುದೂ ಮುಖ್ಯ. ಮೊದಲು ತೊಳೆದು ಅನಂತರ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲದೆ, ಬಸ್ಸಾರು ಮಾಡುವಂತೆ ಬಳಸಿರಿ. ಸೊಪ್ಪಿನ ಊಟಕ್ಕೆ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಜೊತೆಯಾದರೆ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಕಾಫಿ ಚಹ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ನುಣ್ಣಗೆ ಮಸೆದ ಸೊಪ್ಪು ತರಕಾರಿಯನ್ನೂ ತಿನ್ನಿಸಿರಿ. ಆದರೆ ಸೊಪ್ಪು ತಿನ್ನುತ್ತೇವೆಂದು ಆರೋಗ್ಯ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಗರ್ಭಿಣಿಗೆ 180 ಮಾತ್ರೆ, ಹೆರಿಗೆಯ ತರುವಾಯ ಮತ್ತೆ 180 ಮಾತ್ರೆ ಬೇಕು. ಹಾಗೆಯೇ ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ಮೈಯಲ್ಲಿ ಕಳೆದುಹೋದ ಸತ್ವವು ಮತ್ತೆ ತುಂಬಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.

ಕೊನೆಯದಾಗಿ ಗಂಡಂದಿರಿಗೊಂದು ಮಾತು. ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡಮೇಲೆ ಮನೆಯಾಕೆ ಉಣ್ಣುತ್ತಾಳೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಬರಿದಾಗಿರುತ್ತದೆ. ಊರಿನ ತರಕಾರಿ ಊರಿನಲ್ಲಿ ಉಳಿದು, ಮನೆಯ ಬಾಗಿಲಿಗೆ ಬಂದು, ತಾಯಿಯ ತಟ್ಟೆಗೆ ಮಾತ್ರ ಬಾರದೆ ಹೋದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಇಂದಿನಿಂದಲೇ ಇಬ್ಬರೂ ಜೊತೆಯಾಗಿ ಕುಳಿತು ಉಣ್ಣಿರಿ. ಮೊದಲು ಅವಳ ತಟ್ಟೆಗೆ ಸೊಪ್ಪು ಬಡಿಸಿರಿ. ಮುಂದಿನ ಬಿತ್ತನೆಗೆ ಯಾವ ಸಾಲನ್ನು ನೆರೆಮನೆಗಾಗಿ ಮೀಸಲಿಡಬೇಕೆಂಬುದನ್ನೂ ಆ ಊಟದ ಹೊತ್ತಿನಲ್ಲಿಯೇ ನಿಶ್ಚಯಿಸಿರಿ.