ಎದೆಯ ಮದ್ದಿಗೂ ಪರೀಕ್ಷೆ

ರಾಮದುರ್ಗದ ನೇಕಾರ ಗೆಳೆಯರೊಬ್ಬರ ಅಣ್ಣನಿಗೆ ಹೋದ ವರ್ಷ ಹೃದಯಾಘಾತವಾಯಿತು. ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಹೊಸ ಔಷಧಿಯೊಂದರ ಪರೀಕ್ಷೆಗೆ ಒಪ್ಪಿಗೆಯ ಕಾಗದ ಮುಂದಿಟ್ಟರಂತೆ. “ನಮ್ಮನ್ನೇನು ಇಲಿ ಮಾಡಾಕ ಹತ್ಯಾರೇನ್ರಿ?” ಎಂದು ಗೆಳೆಯರು ನನ್ನನ್ನು ಕೇಳಿದರು. ಪ್ರಶ್ನೆ ಒರಟಾಗಿತ್ತು, ತಪ್ಪಾಗಿರಲಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿತೆಂದರೆ ಅದರಾಚೆಯ ಸ್ನಾಯು ಸಾಯತೊಡಗುವದು. ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಸಣ್ಣ ಬಲೂನು ತೂರಿಸಿ ನಾಳ ಬಿಡಿಸುವ ವಿದ್ಯೆಯೂ ಇದೆ. ಆದರೆ ಹೊತ್ತು ಕಳೆದಷ್ಟೂ ಸತ್ತ ಸ್ನಾಯು ಹೆಚ್ಚು. ಹೆದ್ದಾರಿಯ ಮೇಲಿನ ಕಿತ್ತೂರಿನವರಿಗೆ, ಬೈಲಹೊಂಗಲದವರಿಗೆ ಬೆಳಗಾವಿ ಅಷ್ಟು ದೂರವಲ್ಲ. ರಾಮದುರ್ಗದವರಿಗೆ ನೂರು ಕಿಲೋಮೀಟರಿಗೂ ಹೆಚ್ಚು.

ಇಲ್ಲಿ ಒಂದು ವಿಚಿತ್ರವಿದೆ. ನಾಳ ಬಿಟ್ಟು ರಕ್ತ ಮರಳಿ ಹರಿಯುವಾಗಲೂ ಸ್ನಾಯುವಿಗೆ ಬೇರೊಂದು ಪೆಟ್ಟು ಬೀಳುತ್ತದೆ. ಸವದತ್ತಿಯ ಹತ್ತಿರದ ನವಿಲುತೀರ್ಥದ ನೀರು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಗೆ ಬಿರುಕು ಬಿಟ್ಟ ಎರೆನೆಲದ ಹೊಲಗಾಲುವೆಗೆ ಒಮ್ಮೆಲೆ ತುಂಬು ನೀರು ಬಿಟ್ಟರೆ ಬೆಳೆಗೆ ನೀರೂ ಸಿಕ್ಕಿತು, ಒಡ್ಡೂ ಒಡೆಯಿತು. ನೀರು ಬೇಡವೆನ್ನುವಂತಿಲ್ಲ, ಒಡ್ಡು ಉಳಿಸುವ ಉಪಾಯ ಬೇಕು. ಅಂಥ ಉಪಾಯದ ಔಷಧಿಯನ್ನೇ ವೈದ್ಯಲೋಕ ಬಹುಕಾಲದಿಂದ ಹುಡುಕುತ್ತಿದೆ.

ಸೈಕ್ಲೋಸ್ಪೋರಿನ್ ಎಂಬುದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಕೊಡುವ ಹಳೆಯ ಔಷಧಿ. ಪ್ರಾಣಿಗಳ ಹೃದಯದಲ್ಲಿ ಅದು ಈ ಪೆಟ್ಟನ್ನು ತಡೆಯಿತು. 2008ರಲ್ಲಿ ಫ್ರಾನ್ಸಿನ 58 ರೋಗಿಗಳಲ್ಲಿಯೂ ಗುಣ ಕಂಡಿತು. ಎಲ್ಲರಿಗೂ ಹರ್ಷ. ಆಮೇಲೆ 970 ರೋಗಿಗಳ ದೊಡ್ಡ ಪರೀಕ್ಷೆ ನಡೆದು 2015ರಲ್ಲಿ ಫಲ ಹೊರಬಿತ್ತು. ವರ್ಷದೊಳಗೆ ಸಾವು, ಹೃದಯ ಸೋಲುವದು ಮೊದಲಾದ ಕೇಡು ಔಷಧಿ ಪಡೆದವರಲ್ಲಿ ನೂರಕ್ಕೆ 59, ಪಡೆಯದವರಲ್ಲಿ 58. ಅಲ್ಲಿಗೆ ಆಸೆ ಮುಗಿಯಿತು.

ಇದು ಬರಿಯ ನಿರಾಶೆ. ಇದಕ್ಕೂ ಕೆಟ್ಟದ್ದು ಆಗಿದೆ. ಹೃದಯಾಘಾತದಿಂದ ಬದುಕಿದವರ ಎದೆಬಡಿತ ತಾಳ ತಪ್ಪಿದರೆ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳನ್ನು ಅಮೇರಿಕೆಯಲ್ಲಿ ಕೊಡುತ್ತಿದ್ದರು. ಬಡಿತ ಸರಿಹೋಗುತ್ತಿತ್ತು, ಇನ್ನೇನು ಬೇಕು? ಆದರೂ ಕೆಲವರು ಪರೀಕ್ಷೆ ಮಾಡಿಯೇ ನೋಡೋಣವೆಂದರು. ಔಷಧಿ ಪಡೆದ 755 ಜನರಲ್ಲಿ 63 ಜನ ತೀರಿಕೊಂಡರು; ಮದ್ದಿಲ್ಲದ ಗುಳಿಗೆ ನುಂಗಿದ 743 ಜನರಲ್ಲಿ 26. 1989ರಲ್ಲಿ ಆ ಔಷಧಿಗಳನ್ನು ಪರೀಕ್ಷೆಯಿಂದ ಕೈಬಿಟ್ಟರು. ಕಾಗದದ ಮೇಲಿನ ಗೆರೆ ಚೆಂದವಾಗಿತ್ತು, ಮನುಷ್ಯ ಹೋಗಿದ್ದ. ಪರೀಕ್ಷೆಯನ್ನು ಕ್ರೂರವೆನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ಪರೀಕ್ಷೆಯಿಲ್ಲದೆ ಕೊಟ್ಟಾಗಲೂ ರೋಗಿ ಇಲಿಯೇ ಆಗಿದ್ದ. ಯಾರೂ ಲೆಕ್ಕ ಇಟ್ಟಿರಲಿಲ್ಲ, ಅಷ್ಟೆ.

ಈ ಪದ್ಧತಿ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನವರು ಹೊರಗಿನ ತಜ್ಞರೊಡನೆ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಿದರು. ಅದು ಹೃದಯದ್ದಲ್ಲ, ಹೆರಿಗೆಯ ನಂತರದ ರಕ್ತಸ್ರಾವದ್ದು. 1620 ಬಾಣಂತಿಯರಲ್ಲಿ ಸುಮಾರು ಅರ್ಧ ಜನರಿಗೆ ನಿಜವಾದ ಗುಳಿಗೆ, ಉಳಿದವರಿಗೆ ಮದ್ದಿಲ್ಲದ್ದು. ಯಾರಿಗೆ ಯಾವುದೆಂದು ತಾಯಿಗೂ ಗೊತ್ತಿಲ್ಲ, ಕೊಟ್ಟ ನರ್ಸಬಾಯಿಗೂ ಗೊತ್ತಿಲ್ಲ. ಗೊತ್ತಿದ್ದರೆ ನಂಬಿಕೆಯೇ ಕಣ್ಣಿಗೆ ಗುಣವಾಗಿ ಕಂಡೀತು. ಹೆಚ್ಚಿನ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಿಗಳ ಯಾದಿಗೆ ಸೇರಿಸಿತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಸಾಕ್ಷಿಗೂ ಅದರಲ್ಲಿ ಪಾಲಿದೆ.

ಗೆಳೆಯರಿಗೆ ನಾನು ಹೇಳಿದ್ದಿಷ್ಟು. ಸಹಿಗೆ ಮೊದಲು ಕೇಳಿರಿ: ಔಷಧಿ ಯಾವುದು, ಅಪಾಯವೇನು, ಅದಿಲ್ಲದಿದ್ದರೆ ಯಾವ ಚಿಕಿತ್ಸೆ, ನೀತಿ ಸಮಿತಿಯ ಒಪ್ಪಿಗೆ ಇದೆಯೇ. ಪರೀಕ್ಷೆಯಿಂದ ಕೇಡಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡನ್ನೂ 2019ರ ನಿಯಮಗಳು ವಿಧಿಸಿವೆ. ಒಲ್ಲೆನೆಂದರೆ ಅಥವಾ ನಡುವೆ ಬಿಟ್ಟರೆ ಮಾಮೂಲಿ ಚಿಕಿತ್ಸೆ ತಪ್ಪಬಾರದು.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಸಹಿ ಮಾಡಲಿಲ್ಲ. ಡಾಕ್ಟರು ಬೇಸರಿಸಲಿಲ್ಲವಂತೆ, ಚಿಕಿತ್ಸೆಯೂ ನಿಲ್ಲಲಿಲ್ಲ. ಈಗ ಅವರು ದಿನಕ್ಕೆ ಎರಡು ತಾಸು ಮಗ್ಗದ ಮುಂದೆ ಕೂಡುತ್ತಾರೆ.