ಯುಗಾದಿಗೆ ಮೊದಲು ಬಾಗಿಲು, ಕಿಡಕಿ ನೋಡಿರಿ



ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳು ಮನೆ ಸೇರುವ ಕಾಲವಿದು. ಯುಗಾದಿಗೆಂದು ಗೋಡೆಗೆ ಸುಣ್ಣ ಬಳಿಯುತ್ತೀರಿ. ಅದಕ್ಕೂ ಮೊದಲು ಬಾಗಿಲು, ಕಿಡಕಿಗಳನ್ನು ಒಮ್ಮೆ ನೋಡ್ರಿ. ವರ್ಷದ ಕಾಳು ಕಾಯುವವು ಅವೇ.

ಇಳಕಲ್, ಹುನಗುಂದ ಕಡೆಯ ಎರಿ ಭೂಮಿ ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲಿನ ಗೋಡೆ, ಚೌಕಟ್ಟು ಅಲುಗುತ್ತವೆ. ಕಟ್ಟಿಗೆಯದೂ ಅದೇ ಗುಣ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಹತ್ತರಿ ಹೊಡೆಸುತ್ತೀರಿ. ಬೇಸಿಗೆಯಲ್ಲಿ ಅಲ್ಲೇ ಸಂದಿ ಬೀಳುತ್ತದೆ. ಹೆಬ್ಬೆರಳು ತೂರುವ ಸಂದಿ ಇಲಿಗೆ ಸಾಕು. ಒಳಹೊಕ್ಕ ಇಲಿ ಜೋಳವನ್ನೂ ಬಿಡದು, ಮಗ್ಗದ ನೂಲನ್ನೂ ಬಿಡದು.

ಹಗಲಿನಲ್ಲಿ ಬಾಗಿಲು ಹಾಕಿ ಒಳಗೆ ನಿಲ್ಲಿರಿ. ಬೆಳಕು ತೂರಿದಲ್ಲಿ ಗುರುತು ಮಾಡಿರಿ. ಬಾಗಿಲ ಬುಡಕ್ಕೆ ತಗಡಿನ ಪಟ್ಟಿ, ಕಿಡಕಿಗೆ ತಂತಿ ಜಾಳಿಗೆ ಹೊಡೆಯಿರಿ. ಆದರೆ ಪೂರಾ ಬಿಗಿ ಬೇಡ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಲು ಎರಡು ನಾಣ್ಯದ ದಪ್ಪದಷ್ಟು ಜಾಗ ಬಿಡ್ರಿ.

ಚೌಕಟ್ಟಿನ ಬುಡ ಬಡಿದು ನೋಡ್ರಿ. ಪೊಳ್ಳು ಸದ್ದು ಬಂದರೆ, ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಗೆದ್ದಲು ಹತ್ತಿದೆಯೆಂದು ತಿಳಿಯಿರಿ. ಸುಣ್ಣ ಬಳಿದರೆ ಅದು ಹೋಗದು, ಮರೆಯಾಗುತ್ತದಷ್ಟೆ. ಮಣ್ಣು ಕೆರೆದು, ತಿಂದ ಭಾಗ ಕೊಯ್ಸಿ, ಚೌಕಟ್ಟಿನ ಕಾಲಿಗೆ ಡಾಂಬರು ಬಳಿದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸಿರಿ. ಇಳಕಲ್ಲಿನ ಕೆಂಪು ಕಲ್ಲು ದೇಶಾಂತರ ಹೋಗುತ್ತದೆ. ನಮ್ಮ ಹೊಸ್ತಿಲಿಗೂ ಒಂದು ತುಂಡು ಇರಲಿ. ಹಳೆಯ ಆಲ್ಡ್ರಿನ್ ಪುಡಿ ಉಳಿದಿದ್ದರೆ ಬಳಸಬೇಡ್ರಿ. ಅದು ನಿಷೇಧವಾದ ವಿಷ. ಉಣ್ಣುವ ಜೋಳವೂ ಅದೇ ಮನೆಯಲ್ಲಿದೆ. ಬೇರೆ ಔಷಧ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಹಬ್ಬದ ತೋರಣ ಗಟ್ಟಿ ಚೌಕಟ್ಟಿಗೆ ಕಟ್ಟೋಣ.